ಎಡಗಿವಿ ಮನೆಯದು

ಹಾಸ್ಟೆಲಿನಲ್ಲಿರುವ ಮಗಳು ಕಳೆದ ಚಳಿಗಾಲದಲ್ಲಿ ಫೋನಿಗೊಂದು ಲೇಖನ ಕಳಿಸಿದಳು. ಗೊತ್ತಿಲ್ಲದ ಸಂಗೀತವನ್ನು ಹೇಗೆ ಕೇಳಬೇಕು, ಹೊಸ ಬ್ಯಾಂಡುಗಳನ್ನು ಎಲ್ಲಿ ಹುಡುಕಬೇಕು ಎಂದು ಯಾರೋ ಬಹಳ ಸಮಾಧಾನದಿಂದ ಬರೆದದ್ದು. ಮೊದಲ ಸಲಹೆಯೇ ಹೀಗಿತ್ತು: ಸದ್ದಿಲ್ಲದ ಕೋಣೆಯಲ್ಲಿ ಕೂತು, ಕಣ್ಣು ಮುಚ್ಚಿ, ಇಡೀ ಆಲ್ಬಮ್ಮನ್ನು ಒಂದೇ ಸಲಕ್ಕೆ ಕೇಳಿ.

ಓದಿ ಬಂದ ಸಿಟ್ಟಿನಲ್ಲಿ ಬೀನ್ಸಿನ ನಾರನ್ನು ತಟ್ಟೆಗೂ ಬೀನ್ಸನ್ನು ಕಸಕ್ಕೂ ಹಾಕುತ್ತಿದ್ದೆ. ಚಿತ್ರದುರ್ಗದ ಬೆಟ್ಟದ ಬುಡದಲ್ಲಿರುವ ನಮ್ಮ ಮನೆಯಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಕಣ್ಣು ಮುಚ್ಚಿ ಕೂತರೆ ಅತ್ತೆ ಮೊದಲು ಹಣೆ ಮುಟ್ಟಿ ನೋಡುತ್ತಾರೆ. ಆಮೇಲೆ ಪಂಪ್‌ಸೆಟ್ ಅಂಗಡಿಯಲ್ಲಿರುವ ಮಗನಿಗೆ ಫೋನ್ ಮಾಡುತ್ತಾರೆ. "ನಿನ್ನ ಹೆಂಡ್ತಿ ಯಾಕೋ ಕಣ್ಣು ಮುಚ್ಕಂಡು ಕುಂತಾಳೆ. ಬಂದು ನೋಡಪ್ಪ."

ಆಗೆಲ್ಲ ನಾನು ಸಂಗೀತ ಕೇಳುತ್ತಿದ್ದದ್ದು ನಿಂತುಕೊಂಡು. ತಂತಿಯ ಇಯರ್‌ಫೋನಿನಲ್ಲಿ ಬಲಗಡೆಯದು ಮಾತ್ರ ಕಿವಿಯೊಳಗೆ. ಎಡಗಡೆಯದು ಸೆರಗಿನ ಅಡಿಯಲ್ಲಿ ಜೋತಾಡುತ್ತಿತ್ತು. ಒಲೆಯ ಮುಂದೆ ನಿಂತರೆ ಹಜಾರ ನನ್ನ ಎಡಕ್ಕೆ ಬರುತ್ತದೆ, ಹಾಗಾಗಿ ಎಡಗಿವಿ ಮನೆಯದು. ಕುಕ್ಕರಿನ ಕೂಗು, ಕಸದ ಗಾಡಿಯ ಹಾಡು, ಗ್ಯಾಸಿನವನು ಗೇಟು ಬಡಿಯುವುದು, ಅತ್ತೆಯ ಕೆಮ್ಮು. ಕೆಮ್ಮಿನಲ್ಲೂ ನನ್ನನ್ನು ಕರೆಯುವ ಕೆಮ್ಮು ಬೇರೆ, ಬರೀ ಕೆಮ್ಮು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ ನಲ್ಲಿ. ನಮ್ಮ ಬೀದಿಗೆ ನೀರು ಬಿಡುವುದಕ್ಕೆ ದಿನವೂ ಇಲ್ಲ, ಹೊತ್ತೂ ಇಲ್ಲ. ನೀರು ಬರುವ ಮೊದಲು ಖಾಲಿ ನಲ್ಲಿ ಬುಸ್ಸೆಂದು ಗಾಳಿ ಬಿಡುತ್ತದೆ. ಆ ಬುಸ್ಸನ್ನು ಹಿಡಿಯುವುದು ನನ್ನ ಕೆಲಸ. ಯಾರೂ ಒಪ್ಪಿಸಿದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಹಿಡಿದೆ, ಅಷ್ಟೇ. "ನಮ್ಮ ಸೊಸೆ ಕಿವಿ ಬಲು ಚುರುಕು" ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳಿದರು. ನಾನು ಹಿಗ್ಗಿದೆ. ಹೊಗಳಿಸಿಕೊಂಡ ಕೆಲಸ ಆಮೇಲೆ ತಲೆಯಿಂದ ಇಳಿಯುವುದೇ ಇಲ್ಲ.

ಕಿವಿ ಚುರುಕಿದ್ದದ್ದು ಸುಳ್ಳಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಪ್ರಾರ್ಥನೆ ಹಾಡಲು ಎರಡು ಸಾಲು ನಿಲ್ಲಿಸುತ್ತಿದ್ದರು. ಮುಂದಿನ ಸಾಲಿಗೆ ರಾಗ, ಹಿಂದಿನ ಸಾಲಿಗೆ ಅದರ ಕೆಳಗಿನ ದನಿ. ನಾನು ಹಿಂದಿನ ಸಾಲು. ಹಾಡು ಕಲಿಸುತ್ತಿದ್ದ ಸಿಸ್ಟರ್ ನಮಗೆ ಹೇಳುತ್ತಿದ್ದರು, "ರಾಗ ಕಿವುಡರಿಗೂ ಕೇಳಿಸುತ್ತೆ ಮಗು. ಅದರ ಕೆಳಗೆ ಯಾರು ನಡೀತಾ ಇದ್ದಾರೆ, ಅವರನ್ನ ಹಿಡಿ." ಇವತ್ತಿಗೂ ಹೊಸ ಹಾಡು ಬಂದರೆ ಹಾಡುವವರನ್ನು ಅವರ ಪಾಡಿಗೆ ಬಿಟ್ಟು, ಕೆಳಗೆ ನಡೆಯುವ ಒಬ್ಬರ ಹಿಂದೆ ಹೊರಡುತ್ತೇನೆ. ಆ ದಪ್ಪ ತಂತಿಯ ಗಿಟಾರೋ, ಡ್ರಮ್ಮಿನ ಒಂದು ಪೆಟ್ಟೋ. ಕೊನೆಯವರೆಗೂ ಅವರ ಜೊತೆಗೇ ಹೋದರೆ ಭಾಷೆ ತಿಳಿಯದಿದ್ದರೂ ಹಾಡು ಪರಕೀಯ ಅನ್ನಿಸುವುದಿಲ್ಲ.

ಬ್ಯಾಂಡು ಹುಡುಕುವುದಂತೂ ನಮ್ಮ ಕಡೆ ಹೆಂಗಸರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಸಂಬಂಧ ನೋಡಿದ ಹಾಗೆ. ಈ ಡ್ರಮ್ಮಿನವನು ಯಾರ ಪೈಕಿ? ಮೊದಲು ಯಾವ ಬ್ಯಾಂಡಿನಲ್ಲಿದ್ದ? ಅದನ್ನು ಬಿಟ್ಟದ್ದೇಕೆ? ಅಲ್ಲಿ ಇವನ ಜಾಗಕ್ಕೆ ಬಂದವರು ಯಾರು? ಹೀಗೆ ಎಳೆ ಹಿಡಿದು ಹೋದರೆ ಒಂದು ಬ್ಯಾಂಡಿನಿಂದ ನಾಲ್ಕು ಮನೆ ಗೊತ್ತಾಗುತ್ತವೆ. ಫೋನು ತಾನಾಗಿ ತೋರಿಸುವುದು ಬರೀ ಅದೇ ಬೀದಿಯ ಹಾಡುಗಳನ್ನು.

ಆಮೇಲೆ ಆ ಸಿಟ್ಟನ್ನು ಹೆಚ್ಚಿಸಿದ ಬ್ಯಾಂಡು ಸಿಕ್ಕಿದ್ದು ಮಾತ್ರ ಹಿರಿಯೂರಿನಲ್ಲಿ, ನನ್ನ ತವರಿನ ಟೈಲರ್ ಅಂಗಡಿಯಲ್ಲಿ. ಅಲ್ಲಿಯ ಸಾಬರು ನಾನು ಲಂಗ ಹಾಕುವಾಗಿನಿಂದ ನನ್ನ ಅಳತೆ ಬಲ್ಲವರು. ಬ್ಲೌಸು ಕೊಡಲು ಹೋದಾಗ ಮಷಿನ್ನಿನ ಪಕ್ಕದಲ್ಲಿ ಡಬ್ಬಿಯಂಥ ಸ್ಪೀಕರು ಹಾಡುತ್ತಿತ್ತು. ಯಾವ ದೇಶದ ಭಾಷೆಯೋ. ಮಷಿನ್ನಿನ ಸದ್ದಿನಲ್ಲಿ ಕೇಳಿಸಿದ್ದು ಗಂಡಸಿನ ದನಿ, ಅದರ ಹಿಂದೆ ಅವಸರವಿಲ್ಲದ ಡ್ರಮ್ಮು, ಅಷ್ಟೇ.

"ಯಾರ ಹಾಡು ಭಾಯ್ ಇದು?"

"ನಮ್ಗೇನ್ ಗೊತ್ತಕ್ಕ. ಒಂದು ಮುಗುದ್ರೆ ಅದೇ ಇನ್ನೊಂದು ಹಾಕ್ಕಂತೈತೆ."

"ಅರ್ಥ ಆಗುತ್ತಾ?"

"ಅರ್ಥ ಕಟ್ಕಂಡು ಏನಾಗ್ಬೇಕು? ಕಾಜಾ ಹಾಕಾಕೆ ಈ ಸ್ಪೀಡು ಸರಿಹೋಗ್ತೈತೆ. ಸಿನಿಮಾ ಹಾಡು ಹಾಕಿದ್ರೆ ಗುಂಡಿ ಒಂದ್ ಕಡೆ, ಕಾಜಾ ಒಂದ್ ಕಡೆ."

ಅವರ ಫೋನಿನ ಪರದೆಯ ಫೋಟೋ ತೆಗೆದುಕೊಂಡು ಬಂದೆ. ಬ್ಯಾಂಡಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಮನೆಯವರು ಹುಡುಕಿ, ಹಾಕಿ, ಅರ್ಧ ನಿಮಿಷ ಕೇಳಿ ನಗುತ್ತಾರೆ.

ಎರಡು ವರ್ಷ ಆ ಬ್ಯಾಂಡಿನೊಂದಿಗೆ ರೊಟ್ಟಿ ತಟ್ಟಿದ್ದೇನೆ. ಹಾಡುವವನು ಒಂದು ಸಾಲು ಹೇಳಿ ಸುಮ್ಮನಾಗುತ್ತಿದ್ದ. ಡ್ರಮ್ಮು, ಗಿಟಾರು ಮೆಲ್ಲಗೆ ನಡೆಯುತ್ತಿದ್ದವು. ಬಹಳ ಹೊತ್ತಾದ ಮೇಲೆ ಮುಂದಿನ ಸಾಲು. ಆ ಖಾಲಿ ಜಾಗ ನನಗೆ ಪ್ರಾಣ. "ಎಷ್ಟು ಧೈರ್ಯ ನೋಡು, ಸುಮ್ಮನಿರೋಕೆ ಇವರು ಹೆದರೋದಿಲ್ಲ" ಎಂದು ಮಗಳಿಗೆ ಫೋನಿನಲ್ಲಿ ಹೇಳಿದ್ದೆ. ಬ್ಯಾಂಡಿನ ಫೋಟೋದಲ್ಲಿ ನಾಲ್ವರಿದ್ದರು. ಮೂವರು ಗಂಡಸರ ಲೆಕ್ಕ ನನಗೆ ಸಿಕ್ಕಿತ್ತು. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು, ಕೈ ಹಿಂದೆ ಕಟ್ಟಿ ನಿಂತಿದ್ದ ದಪ್ಪನೆಯ ಹೆಂಗಸು ಯಾರೆಂದು ತಿಳಿದಿರಲಿಲ್ಲ. ಯಾರದೋ ಹೆಂಡತಿ ಇರಬೇಕು, ಕಾಫಿ ಕೊಡಲು ಬಂದವಳನ್ನು ಫೋಟೋಗೆ ಕರೆದಿದ್ದಾರೆ ಎಂದುಕೊಂಡಿದ್ದೆ.

ಲೇಖನ ಬಂದ ಕೆಲವೇ ದಿನಕ್ಕೆ ಹೊಸದುರ್ಗದಲ್ಲಿ ನೆಂಟರ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಇವರಿಗೆ ಅಂಗಡಿ, ಅತ್ತೆಗೆ ಮಂಡಿನೋವು. ನಾನೊಬ್ಬಳೇ ಬಸ್ಸು ಹತ್ತಿದೆ. ಹೊಳಲ್ಕೆರೆಯಲ್ಲಿ ಅರ್ಧ ಬಸ್ಸು ಇಳಿಯಿತು, ಅರ್ಧ ಹತ್ತಿತು. ಕುರಿಗೆ ಔಷಧಿ ಕೊಂಡು ಊರಿಗೆ ಹೊರಟಿದ್ದ ಒಬ್ಬ ಹಿರಿಯ ಹೆಂಗಸು "ವಸಿ ಸರಕಳ್ರಿ" ಎಂದು ಪಕ್ಕಕ್ಕೆ ಕೂತಳು. ಬಸ್ಸು ಊರು ದಾಟಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಇಲ್ಲಿ ಯಾವ ಕುಕ್ಕರೂ ಇಲ್ಲ, ಯಾವ ನಲ್ಲಿಯೂ ಇಲ್ಲ ಎಂದು ಆಗ ಹೊಳೆಯಿತು. ಎಡಗಡೆಯದನ್ನೂ ಕಿವಿಗೆ ಸಿಕ್ಕಿಸಿದೆ.

ಅವನು ಒಂದು ಸಾಲು ಹಾಡಿ ಸುಮ್ಮನಾದ. ಎಡಗಿವಿಯಲ್ಲಿ ಪಿಟೀಲು ಎದ್ದಿತು.

ಕಚೇರಿಯ ಪಿಟೀಲಲ್ಲ. ಒರಟು, ಗರಗಸ ಎಳೆದ ಹಾಗೆ. ಅವನು ಕೇಳಿದ್ದಕ್ಕೆಲ್ಲ ಅದು ಜವಾಬು ಕೊಡುತ್ತಿತ್ತು. ಒಮ್ಮೊಮ್ಮೆ ಅವನ ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತಿತ್ತು. ಹಾಡೇ ಅದರದ್ದು, ಅವನು ನಡುನಡುವೆ ಬಂದು ಹೋಗುವವನು. ಎಡಗಡೆಯದನ್ನು ತೆಗೆದೆ. ಪಿಟೀಲು ಇಲ್ಲ. ಹಾಕಿದೆ. ಇದೆ. ಮುದ್ರಿಸುವಾಗ ಪಿಟೀಲನ್ನು ಎಡಗಡೆಗೆ ಮಾತ್ರ ಕೂರಿಸಿದ್ದರು. ಬ್ಯಾಂಡಿನ ಫೋಟೋ ತೆರೆದು ಅಡಿಯಲ್ಲಿದ್ದ ಹೆಸರುಗಳ ಪಕ್ಕದ ಸಣ್ಣ ಅಕ್ಷರ ಹಿಗ್ಗಿಸಿ ಓದಿದೆ. ಪಿಟೀಲು, ಹಾಡು ಕಟ್ಟಿದ್ದು, ಎರಡೂ ಆ ಕನ್ನಡಕದವಳು.

ಎಲ್ಲರ ಊರು ಕೇರಿ ವಿಚಾರಿಸುವ ನಾನು ಇವಳೊಬ್ಬಳನ್ನು ಕಾಫಿಯವಳೆಂದು ಬಿಟ್ಟಿದ್ದೆ. ಆದರೆ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಎರಡು ವರ್ಷ ಅವಳು ನುಡಿಸಿದ್ದಾಳೆ, ಅಷ್ಟೂ ನನ್ನ ಸೆರಗಿನ ಅಡಿಯಲ್ಲಿ ಯಾರಿಗೂ ಕೇಳಿಸದೆ ಹೋಗಿದೆ. ಆ ಹೊತ್ತಿನಲ್ಲೆಲ್ಲ ನನ್ನ ಎಡಗಿವಿ ಏನು ಕೇಳುತ್ತಿತ್ತು? ಬುಸ್ಸು. ಕೆಮ್ಮು. ಇನ್ನೆಷ್ಟು ಹಾಡುಗಳ ಅರ್ಧವನ್ನೇ ನಾನು ಪೂರ್ತಿಯೆಂದು ನಂಬಿ ಮೆಚ್ಚಿದ್ದೇನೆ?

ಪಕ್ಕದವಳು ಮೊಣಕೈಯಿಂದ ತಟ್ಟಿದಳು. ಕಿವಿಯಿಂದ ತೆಗೆದೆ.

"ಯಾರ್ ಮ್ಯಾಲವ್ವ ಸಿಟ್ಟು?"

"ಯಾರ ಮೇಲೂ ಇಲ್ಲ."

"ಮತ್ತೆ ಆ ಚೀಲದ ಹಿಡಿ ಏನ್ ಮಾಡಿತ್ತು? ಕೋಳಿ ಕತ್ತು ತಿರುವಿದಂಗೆ ತಿರುವ್ತಿದೀರಿ."

ನಗು ಬಂತು. ಹಾಡು ಕೇಳುತ್ತೀರಾ ಎಂದು ಒಂದು ತುದಿ ಅವಳ ಕಡೆ ಹಿಡಿದೆ.

"ಬ್ಯಾಡ್ರವ್ವ, ನೀವೇ ಎರಡೂ ಇಟ್ಕಳ್ರಿ. ಎಲ್ಲಿ ಇಳಿತೀರಿ? ಹೊಸದುರ್ಗನಾ? ಬಂದಾಗ ತಿವಿತೀನಿ, ಕುಂತ್ಕಳ್ರಿ."

ನನ್ನ ಪರವಾಗಿ ಕಿವಿ ತೆರೆದಿಟ್ಟುಕೊಂಡ ಮೊದಲಿಗಳು ಅವಳು. ಗುರುತು ಪರಿಚಯವಿಲ್ಲದವಳು.

ಮರಳಿ ಬಂದ ಸಂಜೆ ಊಟಕ್ಕೆ ಕೂತಾಗ ಇದನ್ನೆಲ್ಲ ಇವರಿಗೆ ಹೇಳಿದೆ. ದಿನಾ ಒಂದು ಗಂಟೆ ಎರಡೂ ಕಿವಿಯಲ್ಲಿ ಕೇಳಬೇಕು ನನಗೆ, ಅಂದೆ.

"ಅದಕ್ಕೇನಂತೆ, ಸ್ಪೀಕರ್ನಾಗೆ ಹಾಕು. ಎಲ್ರೂ ಕೇಳಾಣ" ಎಂದರು. ಉದಾರವಾಗಿಯೇ ಅಂದರು. ಹಾಕಿದೆ.

"ಇನ್ನೂ ಶುರುವಾಗಿಲ್ವಾ?"

"ಶುರುವಾಗಿದೆ. ಇದೇ."

"ಇದೇನಾ? ಕಪ್ಲೆ ಬಾವಿ ರಾಟೆ ಕೀರ್ ಅಂದಂಗೈತೆ." ಅತ್ತೆ ನಕ್ಕರು. ಇವರು ಚಿತ್ರಾನ್ನದ ಎಣ್ಣೆ ಹತ್ತಿದ ಹೆಬ್ಬೆರಳಿನಿಂದ ಮುಂದಿನ ಹಾಡಿಗೆ ಒತ್ತಿದರು. ಅದನ್ನೂ ದಾಟಿಸಿದರು. "ಈ ವಯಸ್ನಾಗೆ ಬ್ಯಾಂಡ್ ಅಂತೆ! ಮನೆಯಾಗೆ ಯಾರ್ದಾದ್ರೂ ಮದ್ವೆ ಐತಾ?" ಎಂದು ಕೊನೆಗೆ ತಮಗೆ ಬೇಕಾದ ಹಾಡು ಹಾಕಿಕೊಂಡರು. ಪರದೆಯ ಮೇಲೆ ಅರಿಶಿನದ ಬೆರಳಚ್ಚು ಉಳಿಯಿತು. ನಾನು ಅದನ್ನು ಸೆರಗಿನಿಂದ ಒರೆಸಿದೆ. ಒರೆಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮಾರನೆಯ ದಿನ ಕೇಳದೆ, ಹೇಳದೆ ಎರಡೂ ಸಿಕ್ಕಿಸಿಕೊಂಡು ಪಾತ್ರೆ ತೊಳೆಯುತ್ತಿದ್ದೆ. ಅವತ್ತೇ ನೀರು ಬಂತು. ಬಂದು ಹೋಯಿತು. ಸಂಪು ತುಂಬಲಿಲ್ಲ. ಮಧ್ಯಾಹ್ನ ಇವರು ಮನೆಗೆ ಬಂದಾಗ ಹಜಾರದಲ್ಲಿ ವಿಚಾರಣೆ.

"ನೀರ್ ಬಂದಿದ್ದು ಕೇಳ್ಲಿಲ್ವಾ?"

"ಇಲ್ಲ."

"ಇಲ್ಲ ಅಂದ್ರೆ? ಬೀದಿಗೆಲ್ಲ ಕೇಳೈತೆ."

"ಅತ್ತೆಗೂ ಕೇಳಿಲ್ಲ. ಅವರನ್ನೂ ಕೇಳಿ."

ಅತ್ತೆ ಬೆಚ್ಚಿದರು. "ಅಯ್ಯೋ, ನಾನು ಟೀವಿ ನೋಡ್ತಿದ್ದೆ ಕಣವ್ವ."

"ನಾನು ಹಾಡು ಕೇಳ್ತಿದ್ದೆ."

"ಅದೂ ಇದೂ ಒಂದೇ ಏನವ್ವ?"

ಆ ಪ್ರಶ್ನೆಯನ್ನು ಅತ್ತೆ ಕುಹಕಕ್ಕೆ ಕೇಳಿದ್ದಲ್ಲ. ನಿಜಕ್ಕೂ ತಿಳಿಯದೆ ಕೇಳಿದರು. ಅದೇ ನನಗೆ ಉರಿದದ್ದು. ಹೆಣ್ಣು ನೋಡಲು ಬಂದಾಗ "ಕಾನ್ವೆಂಟ್ ಹುಡುಗಿ, ದನಿ ಎತ್ತಲ್ಲ" ಎಂದು ಇದೇ ಅತ್ತೆ ಒಪ್ಪಿದ್ದರು. ದನಿ ಎತ್ತಲಿಲ್ಲ. ಮೆಲ್ಲಗೆ ಹೇಳಿದೆ, "ಒಂದೇ ಅತ್ತೆ. ನೀವು ಧಾರಾವಾಹಿ ನೋಡೋವಾಗ ಯಾರೂ ನಿಮ್ಮ ಒಂದು ಕಣ್ಣು ಕೇಳಲ್ಲ. ಇವರು ಕ್ರಿಕೆಟ್ ನೋಡೋವಾಗ ಗೇಟು ಬಡಿದ್ರೂ ನಾನೇ ಏಳೋದು. ಹನ್ನೊಂದರಿಂದ ಹನ್ನೆರಡರವರೆಗೆ ನನ್ನ ಕಿವಿ ಈ ಮನೆಗಿಲ್ಲ. ಅಡಿಗೆ ಇರುತ್ತೆ, ಕಿವಿ ಇರಲ್ಲ."

"ಹಂಗಾದ್ರೆ ನೀರು?" ಇವರು ಕೇಳಿದರು.

"ಕಿವಿ ಇದ್ದೋರು ಹಿಡೀಲಿ."

"ಮಾತು ಕಲ್ತಳು ನೋಡಮ್ಮ" ಎಂದು ತಾಯಿಯ ಕಡೆ ತಿರುಗಿದರು. ಅತ್ತೆ ಟೀವಿಯ ಸದ್ದು ತಗ್ಗಿಸಿದರು.

ಅದಾದ ಭಾನುವಾರ, ಇವರು ಮನೆಯಲ್ಲಿದ್ದ ದಿನ, ಹನ್ನೊಂದಕ್ಕೆ ಬೇಳೆ ಕುಕ್ಕರಿಗಿಟ್ಟೆ. ಕೈ ಒರೆಸಿಕೊಂಡು ಬಂದು ಹಜಾರದ ನಡುವಿನ ಕುರ್ಚಿಯಲ್ಲಿ ಕೂತೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು, ಬೇಕೆಂದೇ ಹೋಗಲಿಲ್ಲ. ಅಲ್ಲಿ ಕದ್ದು ಕೇಳಿದ ಹಾಗಾಗುತ್ತದೆ. ಎರಡೂ ಕಿವಿಗೆ ಹಾಕಿಕೊಂಡು, ಈವರೆಗೆ ಒಮ್ಮೆಯೂ ಕೇಳಿರದ ಯಾವುದೋ ಬ್ಯಾಂಡು ಹಚ್ಚಿದೆ. ಕಣ್ಣು ಮಾತ್ರ ಮುಚ್ಚಲಿಲ್ಲ.

ಅತ್ತೆಯ ಬಾಯಿ ಆಡಿತು. ಇವರು ಪೇಪರ್ ಕೆಳಗಿಟ್ಟು ನನ್ನ ಕಡೆ ನೋಡಿದರು. ಎದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಕುಕ್ಕರಿನ ತಲೆಯಿಂದ ಆವಿ ಚಿಮ್ಮುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಎಷ್ಟು ಕೂಗಿದ ಮೇಲೆ ಆರಿಸಬೇಕು ಎಂದು ಬೆರಳೆತ್ತಿ ಸನ್ನೆ ಮಾಡಿದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಬೇಳೆ ತಿಂದ ಮನುಷ್ಯ. ನಾನು ಹಾಡಿನ ಸದ್ದು ಇನ್ನೊಂದಿಷ್ಟು ಏರಿಸಿದೆ. ಅತ್ತೆ ಮಂಡಿ ಹಿಡಿದುಕೊಂಡೇ ಎದ್ದು ಹೋಗಿ ಒಲೆ ಆರಿಸಿದರು. ಇಬ್ಬರೂ ಅಲ್ಲೇ ನಿಂತು ನನ್ನನ್ನು ನೋಡುತ್ತ ಏನೋ ಮಾತಾಡಿಕೊಂಡರು. ಮಂಡಿನೋವಿನವರನ್ನು ಏಳಿಸಿದೆನಲ್ಲ ಎನ್ನಿಸಿತು. ಏಳಬೇಕಾದದ್ದು ಅವರ ಮಗ, ನಾನಲ್ಲ ಎಂದು ಸಿಟ್ಟು ಇನ್ನೊಂದು ಸಲ ಏರಿತು. ಕುರ್ಚಿಯ ಕೈ ಹಿಡಿದು ಕೂತೇ ಇದ್ದೆ.

ಹಾಡು ಅಷ್ಟೇನೂ ಹಿಡಿಸಲಿಲ್ಲ. ಗಡಿಯಾರದಲ್ಲಿ ಇನ್ನೂ ಅರ್ಧ ಗಂಟೆ ಇತ್ತು. ಮೊದಲಿನಿಂದ ಇನ್ನೊಮ್ಮೆ ಹಾಕಿದೆ.