ಏಳನೇ ನಂಬರಿಗೆ ಹಾಕಿದ ನೀರು

ಸಸ್ಯಶಾಸ್ತ್ರ ವಿಭಾಗದ ಗಾಜಿನಮನೆಯನ್ನು ಮೂವತ್ತೊಂದು ವರ್ಷ ನೋಡಿಕೊಂಡ ಮಾಲಿಗೆ ವಿಶ್ವವಿದ್ಯಾಲಯದಲ್ಲಿ ಎರಡು ಹೆಸರು. ಸಂಬಳದ ಪಟ್ಟಿಯಲ್ಲಿದ್ದದ್ದು ಆಫೀಸಿನ ಗುಮಾಸ್ತನಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ನೀರಜ್ಜ. ಕೈಯಲ್ಲಿ ಸದಾ ಒಂದು ತಗಡಿನ ಕ್ಯಾನು. ಗ್ರಂಥಾಲಯದ ಮೆಟ್ಟಿಲ ಪಕ್ಕದ ಬಳ್ಳಿ, ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಯಾರೋ ಮರೆತ ಕುಂಡ, ಕೊನೆಗೆ ಸೈಕಲ್ ಸ್ಟ್ಯಾಂಡಿನ ಬಿರುಕಲ್ಲಿ ಎದ್ದ ಹುಲ್ಲು, ಕಂಡದ್ದಕ್ಕೆಲ್ಲ ನೀರು. "ಅಜ್ಜ ಬರೋ ದಾರೀಲಿ ಜಾಸ್ತಿ ಹೊತ್ತು ನಿಲ್ಲಬೇಡ್ರೋ, ಕಾಲಿಗೆ ನೀರು ಹಾಕಿ ಬೇರು ಬಿಡಿಸಿಬಿಡ್ತಾನೆ," ಎಂದು ಹಾಸ್ಟೆಲ್ ಹುಡುಗರು ನಗುತ್ತಿದ್ದರು. ಅಜ್ಜನೂ ನಗುತ್ತಿದ್ದ.

ನಗುವಂಥ ವಿಷಯವಾಗಿರಲಿಲ್ಲ ಅದು. ಮದುವೆಯಾದ ಹೊಸದರಲ್ಲಿ ಅವನಿಗೊಬ್ಬಳು ಮಗಳು ಹುಟ್ಟಿದ್ದಳು. ನಾಲ್ಕು ವರ್ಷದ ಮಗುವಿಗೆ ವಾಂತಿಭೇದಿ ಶುರುವಾದಾಗ ಮನೆಯ ಹಿರಿಯರು, "ನೀರು ಕೊಡಬೇಡ, ಕೊಟ್ರೆ ಇನ್ನೂ ಜಾಸ್ತಿ ಆಗುತ್ತೆ," ಅಂದರು. ದೊಡ್ಡವರ ಮಾತು, ಇವನು ಕೇಳಿದ. ಮಗು ಎರಡು ದಿನ "ಅಪ್ಪಾ, ನೀರು" ಅಂದಿತು, ಮೂರನೇ ದಿನ ಅನ್ನಲಿಲ್ಲ. ಕೊಡಬೇಕಾದದ್ದೇ ನೀರು ಎಂದು ಆಮೇಲೆ ಒಬ್ಬ ಡಾಕ್ಟರು ಹೇಳಿದರು. ಅಂದಿನಿಂದ ಅವನು ಬಾಡಿದ್ದನ್ನು ಕಂಡರೆ ಸುಮ್ಮನೆ ದಾಟಿಹೋದವನಲ್ಲ.

ಇಂಥವನ ಕೈಗೇ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಗಾಜಿನಮನೆಯ ಕೀಲಿ ಕೊಟ್ಟಳು. ಆರು ವರ್ಷದಿಂದ ಅಲ್ಲೇ ಮಣ್ಣು ಹೊತ್ತು, ಎಲೆ ಅಳೆದು, ಅಜ್ಜನ ಜೊತೆ ಚಹಾ ಕುಡಿದು ಬೆಳೆದ ಹುಡುಗಿ. ನೀರಿಲ್ಲದೆಯೂ ತಾಳಿಕೊಳ್ಳುವ ಜೋಳದ ತಳಿ ಯಾವುದು ಎಂದು ಹುಡುಕುವುದು ಅವಳ ಕೆಲಸ. ಕೊನೆಯ ಪರೀಕ್ಷೆಗೆ ಹತ್ತು ತಳಿ ಇಟ್ಟು, ಒಂದರಿಂದ ಹತ್ತರವರೆಗೆ ನಂಬರು ಕೊಟ್ಟಿದ್ದಳು. ಬಿಳಿ ಚೀಟಿಯ ಕುಂಡಗಳಿಗೆ ದಿನವೂ ನೀರು. ಪ್ರತಿ ತಳಿಯ ಐದು ಕುಂಡಗಳಿಗೆ ಕೆಂಪು ಚೀಟಿ, ಅವಕ್ಕೆ ಇಪ್ಪತ್ತೊಂದು ದಿನ ಒಂದು ಹನಿಯೂ ಇಲ್ಲ. ಪರೀಕ್ಷೆ ಶುರುವಾದ ಮೂರನೇ ದಿನವೇ ಅವಳ ಅಮ್ಮನಿಗೆ ಆಪರೇಷನ್ ಎಂದು ಫೋನು ಬಂತು.

"ಅಜ್ಜಾ, ಬಿಳಿದಕ್ಕೆ ಮಾತ್ರ. ಕೆಂಪು ಒಣಗಿದ್ರೂ ಮುಟ್ಟಬೇಡಿ."

"ನೀನು ಹೋಗಿ ಅಮ್ಮನ್ನ ನೋಡ್ಕೋ ಮಗಾ. ನಾನಿಲ್ವಾ?"

ಒಂದು ವಾರ ಅಜ್ಜ ಮನಸ್ಸು ಕಲ್ಲು ಮಾಡಿಕೊಂಡ. ಆಮೇಲೆ ಎಲೆಗಳು ಸುರುಳಿ ಸುತ್ತಿದವು. ಬಾಗಿಲ ಬಳಿ ಅವನು ಕೂರುವ ಸ್ಟೂಲಿಗೆ ತಾಗಿಕೊಂಡೇ ಇತ್ತು ಏಳನೇ ನಂಬರಿನ ಕೆಂಪು ಚೀಟಿಯ ಸಾಲು. ದಿನವಿಡೀ ಮಂಡಿಯೆತ್ತರಕ್ಕೆ ಆ ಐದು ಗಿಡಗಳು ತಲೆ ಬಗ್ಗಿಸಿ ನಿಂತಿರುತ್ತಿದ್ದವು. ಹತ್ತನೇ ದಿನ ಅವನ ಕೈ ಕೇಳಲಿಲ್ಲ, ಒಂದೊಂದಕ್ಕೆ ಒಂದು ಲೋಟ ಹಾಕಿದ. ಒಂದು ಲೋಟ ನೀರಿಗೆ ಪ್ರಪಂಚವೇನು ಮುಳುಗಿಹೋಗುತ್ತದೆಯೇ? ಮಾರನೆಯ ದಿನ ಎಲೆ ಬಿಚ್ಚಿಕೊಂಡವು. ಹೊಟ್ಟೆ ತಣ್ಣಗಾಯಿತು. ಮತ್ತೆ ಹಾಕಿದ.

ಹತ್ತೊಂಬತ್ತನೇ ದಿನ ಬಂದ ಹುಡುಗಿ ಎಲೆ ನೋಡಿದಳು, ಮಣ್ಣು ನೋಡಲಿಲ್ಲ. ಮೂವತ್ತೊಂದು ವರ್ಷದ ನೀರಜ್ಜನನ್ನು ಯಾರಾದರೂ ಅನುಮಾನಿಸುವುದುಂಟೇ! ಏಳನೇ ನಂಬರಿನ ಮುಂದೆ ಕೂತು ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು, ಸಂತೋಷಕ್ಕೆ. ಹೇಳಬೇಕಾದದ್ದನ್ನು ಹೇಳದೆ ಅಜ್ಜ ಕ್ಯಾನು ಎತ್ತಿಕೊಂಡು ಹೊರಗೆ ಹೋದ.

ಎರಡು ತಿಂಗಳಾದ ಮೇಲೆ ವಿಭಾಗದ ಸಭಾಂಗಣದಲ್ಲಿ ಅವಳು ತನ್ನ ಕೆಲಸ ಮಂಡಿಸಿದಳು. ಕುರ್ಚಿ ಜೋಡಿಸಿದ ಅಜ್ಜ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಪರದೆಯ ಮೇಲೆ ಏಳನೇ ನಂಬರಿನ ಹಸಿರು ಫೋಟೋ. ಅವಳ ಪ್ರೊಫೆಸರ್ ಎದ್ದು ನಿಂತು, ಮುಂದಿನ ಹಂಗಾಮಿಗೆ ಈ ತಳಿಯ ಬೀಜ ಮಳೆಯಿಲ್ಲದ ಮೂರು ಊರುಗಳಿಗೆ ಹೋಗುತ್ತದೆ ಎಂದರು. ಚಪ್ಪಾಳೆಯೋ ಚಪ್ಪಾಳೆ. ಅಜ್ಜ ಕುರ್ಚಿ ಎತ್ತಿಡುವುದಕ್ಕೂ ನಿಲ್ಲದೆ ಹೊರಟುಹೋದ.

ಅವನ ಹೆಂಡತಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಸಂಜೆ ಎಲ್ಲ ಕೇಳಿಸಿಕೊಂಡು, "ಸುಮ್ಮನಿರಿ," ಎಂದಳು. "ನಿವೃತ್ತಿಗೆ ಎಂಟು ತಿಂಗಳಿದೆ. ತಾನಾಗಿ ಹೋಗಿ ಯಾರಾದ್ರೂ ತಲೆ ಮೇಲೆ ಕಲ್ಲು ಹಾಕ್ಕೋತಾರಾ? ಆ ಹುಡುಗಿ ಗತಿಯಾದ್ರೂ ಏನು?"

"ಆ ಊರುಗಳಲ್ಲಿ ಬಿತ್ತುತಾರಲ್ಲೇ. ಗಿಡ ಬಾಡಿದಾಗ ಅಲ್ಲಿ ನಾನಿರ್ತೀನಾ, ಲೋಟ ಹಿಡ್ಕೊಂಡು?"

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಅವಳು ಎದ್ದು ಹಗ್ಗದ ಮೇಲಿದ್ದ ಶರಟು ತೆಗೆದಳು. "ಇಸ್ತ್ರಿ ಮಾಡಿಡ್ತೀನಿ. ಬೆಳಿಗ್ಗೆ ಹೋಗಿ ಹೇಳಿಬಿಡಿ."

ಬೆಳಿಗ್ಗೆ ಹುಡುಗಿ ಪ್ರಬಂಧದ ಹಾಳೆಗಳನ್ನು ಬೈಂಡಿಂಗಿಗೆ ಜೋಡಿಸುತ್ತಿದ್ದಳು. ಅಜ್ಜ ನಿಂತುಕೊಂಡೇ ಹೇಳಿದ. ಲೋಟದ ಲೆಕ್ಕ ಹೇಳಿದ, ಮಗಳ ವಿಷಯವನ್ನೂ ಹೇಳಿದ. ಇಷ್ಟು ವರ್ಷದಲ್ಲಿ ಹೆಂಡತಿಯ ಹೊರತು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

"ಆರು ವರ್ಷ ಅಜ್ಜಾ!" ಅವಳ ದನಿ ಒಡೆಯಿತು. "ನನ್ನ ಆರು ವರ್ಷಕ್ಕೆ ಎಳ್ಳುನೀರು ಬಿಟ್ಟುಬಿಟ್ರಲ್ಲ! ಹೋಗಿ. ದಯವಿಟ್ಟು ಇಲ್ಲಿಂದ ಹೋಗಿ."

ಅವಳಿಂದ ವಿಷಯ ತಿಳಿದ ಪ್ರೊಫೆಸರ್ ಬೀಜ ಕಳಿಸುವುದನ್ನು ನಿಲ್ಲಿಸಿದರು. ಆ ಮನುಷ್ಯನನ್ನು ಗಾಜಿನಮನೆಯ ಹತ್ತಿರ ಸೇರಿಸಬೇಡಿ ಎಂದರು. ತಪ್ಪೇನಿಲ್ಲ ಬಿಡಿ, ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನುತ್ತಿದ್ದರು. ಪ್ರಬಂಧ ಒಪ್ಪಿಸಲು ಹುಡುಗಿಗೆ ಉಳಿದಿದ್ದದ್ದು ಐದೇ ತಿಂಗಳು. ಇನ್ನೊಂದು ಬಾರಿ ಬಿತ್ತಿ ಬೆಳೆಸಲು ಸಮಯವಿತ್ತು, ಮೂರನೇ ಬಾರಿಗೆ ಇರಲಿಲ್ಲ. ಅದೂ ಕೆಟ್ಟರೆ ಪದವಿಯ ಆಸೆ ಬಿಡಬೇಕಿತ್ತು.

ನಾಲ್ಕನೇ ದಿನ ಅವಳು ಅಜ್ಜನ ಸಾಮಾನಿನ ಕೋಣೆಗೆ ಬಂದಳು. ಕಣ್ಣು ಊದಿತ್ತು.

"ಸರ್ ಹತ್ರ ಜಗಳ ಆಡಿ ಬಂದಿದೀನಿ. ಎಲೆ ನೋಡಿ ಗಿಡದ ಸಂಕಟ ಹೇಳೋರು ಇಲ್ಲಿ ನಿಮ್ಮನ್ನ ಬಿಟ್ರೆ ಯಾರಿದಾರೆ? ದಿನಾ ನನ್ನ ಜೊತೆ ಬಂದು ನೋಡಿ ಹೇಳಿ, ನಾನು ಬರ್ಕೋತೀನಿ. ಆದ್ರೆ ಕ್ಯಾನು ಹೊರಗಿರಲಿ. ಈ ಸಲ ನಾನೇ ಮಣ್ಣು ತೂಗ್ತೀನಿ."

"ನನ್ನ ಕೈಲಾಗುತ್ತಾ ಮಗಾ?"

"ಗೊತ್ತಿಲ್ಲ ಅಜ್ಜಾ. ಆಗಲೇಬೇಕು."

ಮತ್ತೆ ಬಿತ್ತಿದ ಗಿಡಗಳು ಬೆಳೆದವು, ಕೆಂಪು ಚೀಟಿಗೆ ನೀರು ನಿಂತಿತು. ಆ ಇಪ್ಪತ್ತೊಂದು ದಿನ ಅಜ್ಜ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಾಜಿನಮನೆಯೊಳಗೆ ನಡೆದ. "ಎರಡು, ತುದಿ ಸುಟ್ಟಿದೆ. ಐದು, ಸುರುಳಿ." ದನಿ ಒಣಗಿದಾಗ ಅವಳು ಬರೆಯುವುದನ್ನು ನಿಲ್ಲಿಸಿ ಕಾಯುತ್ತಿದ್ದಳು. ಹದಿಮೂರನೇ ದಿನ ಏಳನೇ ನಂಬರಿನ ಐದೂ ಗಿಡ ನೆಲಕ್ಕೊರಗಿದವು. ಅಂದು ಅವನು ಮನೆಗೆ ಹೋಗಿ ಊಟ ಮುಟ್ಟಲಿಲ್ಲ, ಹೆಂಡತಿಯೂ ಮುಟ್ಟಲಿಲ್ಲ. ಆದರೆ ನೀರು ಹಾಕಲಿಲ್ಲ. ಯಾರೂ ಲೆಕ್ಕಕ್ಕಿಡದ ಗಿಡ್ಡ ತಳಿ, ಮೂರನೇ ನಂಬರು, ಬುಡದಲ್ಲಿ ಮಾತ್ರ ಹಸಿರು ಹಿಡಿದುಕೊಂಡು ಹಟಮಾರಿಯಂತೆ ನಿಂತಿತ್ತು.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಹುಡುಗಿ ಹೊರಗಿದ್ದ ಕ್ಯಾನನ್ನು ತುಂಬಿಸಿ ತಂದು ಅವನ ಕೈಗೆ ಕೊಟ್ಟಳು. "ಈಗ ಹಾಕಿ ಅಜ್ಜಾ. ಐದು ದಿನ ಹಾಕಿ ನೋಡಬೇಕು."

"ಸತ್ತದ್ದಕ್ಕೂ ಹಾಕ್ಬೇಕಾ?"

"ಎಲ್ಲಕ್ಕೂ. ನೀರು ಕೊಡದೆ ಯಾವುದು ಸತ್ತಿದೆ ಅಂತ ಹೇಗೆ ಹೇಳೋದು?"

ಅಜ್ಜ ಕ್ಯಾನು ಹಿಡಿದು ನಿಂತೇಬಿಟ್ಟ. "ಈ ಮಾತು ಆವತ್ತು ನಮಗೆ ಯಾರೂ ಹೇಳಲಿಲ್ವಲ್ಲ ಮಗಾ," ಎಂದ. ಅವಳು ಅವನ ತೋಳು ಹಿಡಿದುಕೊಂಡಳು. ಅವನು ಮೊದಲು ಏಳನೇ ನಂಬರಿಗೇ ಹಾಕಿದ.

ಐದನೇ ದಿನ ಮೂರನೇ ನಂಬರಿನ ಐದರಲ್ಲಿ ನಾಲ್ಕು ಗಿಡ ಹೊಸ ಎಲೆ ಬಿಟ್ಟಿದ್ದವು. ಮುಂದೆ ಅದರ ಮೇಲೆಯೇ ಅವಳಿಗೆ ಡಾಕ್ಟರೇಟ್ ಬಂತು, ಅದರ ಬೀಜವೇ ಆ ಊರುಗಳಿಗೆ ಹೋಯಿತು. ಆದರೆ ಆ ಬೆಳಿಗ್ಗೆ ಅವಳು ಖುಷಿಯಿಂದ ಕೂಗುತ್ತಿದ್ದಾಗ ಅಜ್ಜ ಏಳನೇ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಒಂದೊಂದೇ ದಂಟನ್ನು ಉಗುರಿನಿಂದ ಕೆರೆದು ಒಳಗೆ ಹಸಿರಿದೆಯೇ ಎಂದು ನೋಡಿದ. ಐದೂ ಮುಗಿದ ಮೇಲೆ ಕ್ಯಾನನ್ನು ಕೆಳಗಿಟ್ಟ.

"ಬರ್ಕೋ ಮಗಾ," ಎಂದ. "ಏಳು, ಸೊನ್ನೆ."