ಗಲ್ಫ್ ಕ್ಯಾಸೆಟ್ಟಿನ ಎರಡನೇ ಬದಿ

ಹೆಸರಾಂತ ರಾಕ್ ಬ್ಯಾಂಡೊಂದರ ಹಾಡುಗಳು ಯಾವಾಗ ರೆಕಾರ್ಡಾದವು, ಯಾವಾಗ ಹೊರಬಂದವು ಎಂದು ಪಟ್ಟಿ ಮಾಡುವ ಹುಚ್ಚು ನನಗೆ. ಒಂದು ಹಾಡಿನ ಬೇರೆಯದೇ ರೂಪ ಗಲ್ಫಿನಲ್ಲಿ ಮಾರಿದ ಹಳೇ ಕ್ಯಾಸೆಟ್ಟಿನಲ್ಲಿ ಮಾತ್ರ ಉಂಟಂತೆ. ವರ್ಷಗಟ್ಟಲೆ ಹುಡುಕಿದ ಮೇಲೆ ಅದು ಜಾಲ್ಸೂರಿನ ಬ್ಯಾರಿ ಮುಸ್ಲಿಮರ ಮನೆಯೊಂದರಲ್ಲಿ ಸಿಕ್ಕಿತು. ಟೇಪಿಗೆ ಹಾಕುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಹಾಡಿದ್ದದ್ದು ಎರಡನೇ ಬದಿಯಲ್ಲಿ. ಗಿಟಾರ್ ಶುರುವಾಯಿತು, ಟಕ್ ಎಂದು ನಿಂತಿತು. ಆಮೇಲೆ ಬ್ಯಾರಿ ಭಾಷೆಯಲ್ಲಿ ಮಗುವಿನ ಜ್ವರ ವಿಚಾರಿಸುವ ಗಂಡಸಿನ ದನಿ.

"ಅದು ನನ್ನದೇ ಸ್ವರ. ಗಲ್ಫಲ್ಲಿದ್ದಾಗ ಕಾಗದದ ಬದಲು ಮಾತಾಡಿ ಕ್ಯಾಸೆಟ್ ಕಳಿಸುದಲ್ವಾ? ಖಾಲಿದು ಸಿಕ್ಕಲಿಲ್ಲ, ಹಾಡಿನ ಮೇಲೆಯೇ ರೆಕಾರ್ಡ್ ಮಾಡಿದೆ," ಎಂದು ಮನೆಯ ಯಜಮಾನರು ನಾಚಿದರು.

"ಎಂತ ಮಾಡಿದಿರಿ ಮಾರಾಯ್ರೆ! ಆ ಹಾಡು ಬೇರೆಲ್ಲೂ ಸಿಕ್ಕುದಿಲ್ಲ!" ಎಂದು ರೇಗಿದೆ.

ಅವರ ಹೆಂಡತಿ ಕ್ಯಾಸೆಟ್ಟನ್ನು ತೆಗೆದು ಒರೆಸಿದರು. "ಇದು ಮಾತ್ರ ಬೇರೆಲ್ಲಿ ಸಿಕ್ಕುದು?"

ನನ್ನ ಪಟ್ಟಿಯಲ್ಲಿ ಆ ಜಾಗ ಇನ್ನೂ ಖಾಲಿ. ಆದರೆ ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾಡಿದ್ದೇ ಬೇರೆ: ಆ ಮಗುವಿಗೆ ಜ್ವರ ಬಿಟ್ಟಿತಾ?