ಗುಳ್ಳೆ ಬಿಡಿಸುವ ಮಾವ

ನಮ್ಮ ಸೋದರಮಾವನ ಕಂಪ್ಯೂಟರಿಗೆ ಫ್ಯಾನಿನ ಗಾಳಿ ಸಾಲದು, ನೀರೇ ಬೇಕು. ಗಾಜಿನ ಪೆಟ್ಟಿಗೆಯೊಳಗಿನ ಪೈಪುಗಳಲ್ಲಿ ನೀಲಿ ನೀರು ಸುತ್ತುತ್ತಾ ಅದರ ಬಿಸಿಯನ್ನು ಹೊತ್ತೊಯ್ಯುತ್ತದೆ. ಇಷ್ಟೆಲ್ಲ ವೈಭೋಗದ ಯಂತ್ರದಲ್ಲಿ ಮಾವ ಆಡುವುದು ಇಸ್ಪೀಟು. ತಾನು ನಲ್ಲಿಗೆ ಬಾಯಿಟ್ಟು ಕುಡಿಯುವ ಆಸಾಮಿ, ಅದಕ್ಕೆ ಮಾತ್ರ ಡಿಸ್ಟಿಲ್ಡ್ ವಾಟರೇ ಆಗಬೇಕು. ಅಡುಗೆಮನೆಯ ಸಿಂಕು ವರ್ಷದಿಂದ ಸೋರುತ್ತಿದ್ದರೂ ಅವನ ಕಣ್ಣಿಗೆ ಬೀಳದು; ಇಲ್ಲಿ ಒಂದೊಂದು ಜಾಯಿಂಟಿನ ಕೆಳಗೂ ಟಿಶ್ಯೂ ಹಾಸಿ, ಹನಿ ಬಿದ್ದೀತೇನೋ ಎಂದು ಕಾಯುತ್ತಾನೆ. ಪೈಪು ಒಳಗೆ ಮಬ್ಬಾಯಿತೆಂದರೆ ಅವನ ಮುಖವೂ ಮಬ್ಬು. ಹಳೆ ನೀರು ಚೆಲ್ಲಿ ಹೊಸದು ತುಂಬಿದ ದಿನವಂತೂ ಗಾಳಿ ಸಿಕ್ಕಿಕೊಂಡು ಪೈಪು ಗುಳುಗುಳು ಎನ್ನುತ್ತದೆ. ಆಗ ಪೆಟ್ಟಿಗೆಯನ್ನು ತಬ್ಬಿ, ಮೆಲ್ಲಗೆ ಓರೆ ಮಾಡಿ, ಬೆನ್ನು ತಟ್ಟುತ್ತಾ ಕಿವಿಗೊಟ್ಟು, "ಅವಸರ ಮಾಡಬಾರದು, ಗುಳ್ಳೆ ತಾನಾಗೇ ಮೇಲೆ ಬರುತ್ತೆ" ಎನ್ನುತ್ತಾನೆ. "ನಿಮ್ಮ ಡಬ್ಬಕ್ಕೆ ನೀರು ಕುಡಿಸಿದ್ದಾಯ್ತಾ?" ಎಂದು ಅತ್ತೆ ಬಾಗಿಲಲ್ಲೇ ನಿಂತು ಮೂದಲಿಸುತ್ತಿದ್ದಳು. ಅವರಿಬ್ಬರಿಗೆ ಮಕ್ಕಳಿಲ್ಲ. ಮೊನ್ನೆ ಅವರ ಮನೆಯಲ್ಲಿ ನನ್ನ ಕೂಸು ಹಾಲು ಕುಡಿದು, ಹೊಟ್ಟೆಯಲ್ಲಿ ಗಾಳಿ ತುಂಬಿ ರಚ್ಚೆ ಹಿಡಿಯಿತು. ನಾವು ಯಾರು ಎತ್ತಿಕೊಂಡರೂ ಸುಮ್ಮನಾಗಲಿಲ್ಲ. ಮಾವ ಕೈ ಒರೆಸಿಕೊಂಡು ಬಂದು, ಅದನ್ನು ಹೆಗಲಿಗೆ ಒರಗಿಸಿಕೊಂಡು, ತುಸು ಓರೆ ಮಾಡಿ, ಬೆನ್ನು ತಟ್ಟುತ್ತಾ ಕಿವಿಗೊಟ್ಟ. "ಅವಸರ ಮಾಡಬಾರದು," ಎಂದ. ಕೂಸು ಡರ್ರನೆ ತೇಗಿ ಅಲ್ಲೇ ನಿದ್ದೆಹೋಯಿತು. ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಈಗೀಗ ಮಾವ ಪೆಟ್ಟಿಗೆ ಓರೆ ಮಾಡುವಾಗ ಇನ್ನೊಂದು ಬದಿ ಹಿಡಿದುಕೊಳ್ಳುವವಳು ಅವಳೇ.